ರೂಮ್ ಹಿಡಿಯುವಾಗ, ಖಾಲಿ ಮಾಡುವಾಗ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕವರಿಗೆಲ್ಲ ಹಾಸ್ಟೆಲ್ ಸಿಗುವುದಿಲ್ಲ. ಸಿಗದವರು ಕ್ಯಾಂಪಸ್ಸಿನ ಆಸುಪಾಸಿನಲ್ಲಿ ರೂಮ್ ಹಿಡಿಯುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯವರಿಗೆ ಪಡುವಾರಹಳ್ಳಿ, ಸರಸ್ವತಿಪುರಂ, ಧಾರವಾಡದಲ್ಲಿ ಓದುವವರಿಗೆ ಸಪ್ತಾಪುರ, ಬೆಂಗಳೂರಿನ ಜ್ಞಾನಭಾರತಿಯವರಿಗೆ ನಾಗರಭಾವಿ, ಮಲ್ಲತ್ತಹಳ್ಳಿ, ಕೊಣಾಜೆಯವರಿಗೆ ದೇರಳಕಟ್ಟೆ. ಊರು ಯಾವುದಾದರೂ ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ವಿಷಯಕ್ಕೆ: ಕೊಟ್ಟ ಅಡ್ವಾನ್ಸಿನಲ್ಲಿ ಎಷ್ಟು ವಾಪಸ್ ಬರುತ್ತದೆ? ಲೆಕ್ಕ ನಡೆಯುವುದು ಖಾಲಿ ಮಾಡುವ ದಿನವಾದರೂ ಅದು ಯಾರ ಕಡೆ ವಾಲುತ್ತದೆ ಎಂಬುದು ಸಾಮಾನು ಇಳಿಸಿದ ಮೊದಲ ವಾರದಲ್ಲೇ ತೀರ್ಮಾನವಾಗಿರುತ್ತದೆ.

ರೂಮ್ ಹುಡುಕುವ ಮೊದಲು ಸರ್ಕಾರದ ಬಾಗಿಲು ತಟ್ಟಿ ನೋಡುವುದು ಒಳ್ಳೆಯದು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ಹಾಸ್ಟೆಲುಗಳನ್ನು ನಡೆಸುತ್ತವೆ. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿಯೇ ‘ವಿದ್ಯಾಸಿರಿ’ ಊಟ-ವಸತಿ ಸಹಾಯ ಯೋಜನೆ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಎಂಬ ಲೆಕ್ಕದಲ್ಲಿ ಆರಂಭವಾದ ಈ ನೆರವು ಪೂರ್ತಿ ಬಾಡಿಗೆಗೆ ಸಾಲದಿದ್ದರೂ ಇಬ್ಬರು ಹಂಚಿಕೊಂಡ ರೂಮಿನಲ್ಲಿ ದೊಡ್ಡ ಆಸರೆ. ಅರ್ಜಿ ಹಾಕಬೇಕಾದದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ರೂಮಿನ ಓಡಾಟದಲ್ಲಿ ಕೊನೆಯ ದಿನಾಂಕ ಕೈತಪ್ಪಿ ಹೋಗುವುದೇ ಹೆಚ್ಚು.

ಮುಂದಿನ ಆಯ್ಕೆ ಪಿಜಿಯೋ ರೂಮೋ ಎಂಬುದು. ಪಿಜಿಯಲ್ಲಿ ಊಟ, ನೀರು, ಕರೆಂಟು ಎಲ್ಲ ಒಂದೇ ಬಿಲ್ಲಿನಲ್ಲಿ ಸೇರಿರುತ್ತದೆ, ಅಡ್ವಾನ್ಸ್ ಕಡಿಮೆ, ಬಿಡುವುದೂ ಸುಲಭ. 2024ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪಿಜಿಗಳಿಗೆ ನಿಯಮಾವಳಿ ಹೊರಡಿಸಿತು. ಅದರಂತೆ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಸಿಗಬೇಕು, ಸಿಸಿಟಿವಿ ಇರಬೇಕು. ಮೂರು ಮಂಚ ಹಾಕಿದ ಕೋಣೆಯನ್ನು ಹೆಜ್ಜೆಯಲ್ಲಿ ಅಳೆದರೂ ಸಾಕು, ನಿಯಮಕ್ಕೂ ವಾಸ್ತವಕ್ಕೂ ಇರುವ ದೂರ ತಿಳಿಯುತ್ತದೆ. ಇನ್ನು ಜಿಎಸ್‌ಟಿ. 2024ರ ಜುಲೈಯಿಂದ, ತಿಂಗಳಿಗೆ ತಲಾ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಇರುವ ವಸತಿಗೆ ಈ ತೆರಿಗೆಯಿಂದ ವಿನಾಯಿತಿ ಇದೆ. ಸೆಮಿಸ್ಟರ್ ಪೂರ್ತಿ ಇರುವ ವಿದ್ಯಾರ್ಥಿಯ ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಕಂಡರೆ ಪ್ರಶ್ನಿಸಬಹುದು.

ಸ್ವಂತ ಅಡುಗೆ, ಸ್ವಂತ ವೇಳೆ ಬೇಕೆನ್ನುವವರು ರೂಮ್ ಹಿಡಿಯುತ್ತಾರೆ. ಸೋರುವುದು, ತೇವ ಹಿಡಿಯುವುದು ಮಳೆಗಾಲದಲ್ಲೇ ಕಾಣುವುದರಿಂದ ಸಾಧ್ಯವಾದರೆ ಆಗಲೇ ನೋಡಬೇಕು. ಬೇಸಿಗೆಯಲ್ಲಿ ನೋಡುವವರು ಅಟ್ಟದ ಮೂಲೆ, ಬೀರು ಆನಿಸುವ ಗೋಡೆ, ಬಚ್ಚಲಿಗೆ ಅಂಟಿದ ಗೋಡೆ ಈ ಮೂರು ಕಡೆ ಕೈಯಿಟ್ಟು ನೋಡಬೇಕು. ಸುಣ್ಣ ಉಬ್ಬಿದ್ದರೆ ಅಥವಾ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಬೇಕು. ಕರಾವಳಿಯಲ್ಲಂತೂ ಗಾಳಿಯಾಡದ ಕೋಣೆಯಲ್ಲಿ ಆಷಾಢಕ್ಕೆ ಬಟ್ಟೆಯ ಮೇಲೂ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುತ್ತದೆ. ನೀರಿನ ಬಗ್ಗೆ ‘ಇಪ್ಪತ್ನಾಲ್ಕು ಗಂಟೆಯೂ ಬರುತ್ತೆ’ ಎಂಬ ಮಾತು ಸಾಲದು. ಬರುವುದು ಪೈಪಿನ ನೀರೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಕೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ದರ ಏರಿದಾಗ ಈ ಪ್ರಶ್ನೆ ಕೇಳದಿದ್ದವರು ಬಾಡಿಗೆಯ ಮೇಲೆ ನೀರಿನ ಹಣವನ್ನೂ ತೆರಬೇಕಾಯಿತು. ಎಲ್ಲಕ್ಕಿಂತ ನಂಬಬಹುದಾದ ಮಾಹಿತಿ ಸಿಗುವುದು ಈಗ ಅಲ್ಲಿರುವ ಹುಡುಗರಿಂದ ಅಥವಾ ಪಕ್ಕದ ಮನೆಯವರಿಂದ, ಅದೂ ಮಾಲೀಕರು ಎದುರಿಗಿಲ್ಲದಾಗ.

‘ಬ್ಯಾಚುಲರ್ಸ್‌ಗೆ ಕೊಡುವುದಿಲ್ಲ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡುಗಳು, ‘ನೀವು ಯಾವ ಜನ?’ ಎಂಬ ಪ್ರಶ್ನೆ ರೂಮ್ ಹುಡುಕುವವರಿಗೆ ಹೊಸತಲ್ಲ. ಓದಲು ಬಂದವರ ಜಾತಿ ವಿಚಾರಿಸುವುದು ನಾಚಿಕೆಗೇಡು. ಆದರೂ ಸುಳ್ಳು ಹೇಳಿ ಸೇರಿಕೊಂಡರೆ ಸೆಮಿಸ್ಟರ್ ನಡುವೆ ರೂಮ್ ಬಿಡಬೇಕಾದೀತು. ಮೊಟ್ಟೆ, ಮಾಂಸ ಬೇಯಿಸುವುದು, ಗೆಳೆಯರು ಬಂದು ಹೋಗುವುದು, ರಾತ್ರಿ ಗೇಟು ಹಾಕುವ ಸಮಯ ಇವನ್ನೆಲ್ಲ ಮೊದಲೇ ಬಾಯಿಬಿಟ್ಟು ಕೇಳುವುದೇ ಲೇಸು.

ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೇಳುವುದುಂಟು. ಕ್ಯಾಂಪಸ್ಸಿನ ಸುತ್ತ ಎರಡು ಸಂಜೆ ನಡೆದಾಡಿದರೆ ‘ಮನೆ ಬಾಡಿಗೆಗೆ ಇದೆ’ ಬೋರ್ಡುಗಳೇ ಸಾಕಷ್ಟು ಸಿಗುತ್ತವೆ. ಆನ್‌ಲೈನ್ ಜಾಹೀರಾತಿನಲ್ಲಿ ಒಂದು ಮೋಸ ಪದೇ ಪದೇ ನಡೆಯುತ್ತದೆ. ಮನೆ ಚೆಂದ, ಬಾಡಿಗೆ ಅಗ್ಗ, ‘ಮಾಲೀಕ’ ಸೇನೆಯಲ್ಲಿದ್ದು ಬೇರೆ ಊರಿನಲ್ಲಿರುತ್ತಾನೆ, ಕೀಲಿ ಕೈಗೆ ಬರುವ ಮೊದಲೇ ಟೋಕನ್ ಹಣ ಕೇಳುತ್ತಾನೆ. ‘ಹಣ ಕಳಿಸುತ್ತೇನೆ, ಪಿನ್ ಒತ್ತಿ’ ಎಂದರೂ ನಂಬಬಾರದು; ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗುರುತಿನ ಚೀಟಿ ಕೇಳಿದಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್’ ಮಾಡಿದ ಆಧಾರ್ ಪ್ರತಿಯನ್ನು ಕೊಡಬಹುದು. ಅದು ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಬಾಡಿಗೆ ಕರಾರು ಎಲ್ಲೆಡೆ 11 ತಿಂಗಳಿಗೇ ಏಕೆ? ಒಂದು ವರ್ಷ ಮೀರುವ ಗೇಣಿ-ಬಾಡಿಗೆ ಪತ್ರಗಳನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು. 11 ತಿಂಗಳಾದರೆ ಆ ಖರ್ಚು, ಓಡಾಟ ತಪ್ಪುತ್ತದೆ. ಇ-ಸ್ಟಾಂಪ್ ಕಾಗದದ ಮೇಲೆ ಟೈಪು ಮಾಡಿಸಿದ ಈ ಕರಾರನ್ನು ಓದದೆ ಸಹಿ ಮಾಡುವವರೇ ಜಾಸ್ತಿ. ನೋಡಬೇಕಾದದ್ದು ಬಾಡಿಗೆ, ಅಡ್ವಾನ್ಸ್, ನೋಟಿಸ್ ಅವಧಿ, ಪೇಂಟಿಂಗ್ ಹೆಸರಿನಲ್ಲಿ ಕಡಿತ ಮತ್ತು ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸ್ ಎಂಬ ಸಾಲು. ಈ ಕೊನೆಯ ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ; ಕೇಳಿ ಬರೆಸಬೇಕು. 18 ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲದು. ಆದ್ದರಿಂದ ಪದವಿಯ ಮೊದಲ ವರ್ಷದಲ್ಲಿರುವ, ಇನ್ನೂ 18 ಆಗದ ವಿದ್ಯಾರ್ಥಿಯ ಪರವಾಗಿ ಅಪ್ಪ, ಅಮ್ಮ ಅಥವಾ ಪೋಷಕರು ಸಹಿ ಹಾಕಬೇಕು. ಹಂಚಿಕೊಂಡ ರೂಮಾದರೆ ಎಲ್ಲರ ಹೆಸರೂ ಪತ್ರದಲ್ಲಿರಲಿ. ಒಬ್ಬನ ಹೆಸರಿದ್ದರೆ ಮಿಕ್ಕವರು ಬಿಟ್ಟುಹೋದಾಗ ಪೂರ್ತಿ ಬಾಡಿಗೆಗೆ ಅವನೇ ಹೊಣೆ.

ಕಾನೂನಿನ ಆಸರೆಯ ಬಗ್ಗೆ ತಪ್ಪು ಕಲ್ಪನೆ ಬೇಡ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದಿದೆ. ಆದರೆ ಅದು ಅನ್ವಯಿಸುವುದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಇತರೆಡೆ 2,000 ರೂಪಾಯಿ ಮೀರದ ಬಾಡಿಗೆಗೆ ಮಾತ್ರ. ಅಂಥ ರೂಮು ಈಗ ಸಿಗುವುದೇ ಅಪರೂಪ. ಹಾಗಾಗಿ ಬಹುಪಾಲು ವಿದ್ಯಾರ್ಥಿಗಳಿಗೆ ಲೆಕ್ಕಕ್ಕೆ ಬರುವುದು ಬರೆದುಕೊಂಡ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು ಮುಗಿಸಲು ಯಾವ ಕಡೆಯವರಾದರೂ 15 ದಿನದ ನೋಟಿಸ್ ಕೊಡಬೇಕು ಎನ್ನುತ್ತದೆ ಅದರ 106ನೇ ಕಲಂ. ಇನ್ನೂ ಉಪಯೋಗದ್ದು 108ನೇ ಕಲಂ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಬಳಕೆಯ ಸವೆತ ಅವನ ಹೊಣೆಯಲ್ಲ. ಎರಡು ವರ್ಷದಲ್ಲಿ ಮಂಕಾದ ಬಣ್ಣ ಸಹಜ ಸವೆತ. ಗೋಡೆಗೆ ಹೊಡೆದ ಹತ್ತು ಮೊಳೆ, ಒಡೆದ ವಾಷ್‌ಬೇಸಿನ್ ಅಲ್ಲ. ಆದರೆ ‘ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಮುರಿದುಕೊಳ್ಳಲಾಗುವುದು’ ಎಂಬ ಕರಾರಿಗೆ ಸಹಿ ಹಾಕಿದ ಮೇಲೆ ಈ ವಾದ ದುರ್ಬಲವಾಗುತ್ತದೆ. ಆ ಸಾಲನ್ನು ‘ವಾಸ್ತವ ಖರ್ಚು, ಬಿಲ್ ಸಮೇತ’ ಎಂದು ತಿದ್ದಿಸುವ ಚೌಕಾಸಿ ಸಹಿಗೆ ಮುಂಚೆಯೇ ಆಗಬೇಕು.

ಅಡ್ವಾನ್ಸ್ ಎಷ್ಟು ಎಂಬುದಕ್ಕೂ ಊರೂರಿನ ವಾಡಿಕೆಯೇ ಆಧಾರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ಹಳೆಯ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದೆ ನಿಜ, ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯವೇ ಕಾಯ್ದೆ ಮಾಡಿಕೊಳ್ಳದೆ ಮಾಲೀಕರನ್ನು ಕಟ್ಟಿಹಾಕದು. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು, ಕಳಿಸುವಾಗ ‘ರೂಮ್ ಅಡ್ವಾನ್ಸ್’ ಎಂದು ನಮೂದಿಸಿದರೆ ಅದೇ ರಸೀದಿ. ನಗದೇ ಬೇಕೆಂದರೆ ಸಹಿ ಮಾಡಿದ ರಸೀದಿ ಪಡೆಯಬೇಕು.

ಸಾಮಾನು ಇಡುವ ಮೊದಲು, ರೂಮ್ ಬರಿದಾಗಿರುವಾಗಲೇ ಒಂದು ವಿಡಿಯೊ ತೆಗೆಯಬೇಕು. ಬಾಗಿಲ ಚಿಲಕದಿಂದ ಶುರುಮಾಡಿ ಕಿಟಕಿಯ ಗಾಜು, ಸ್ವಿಚ್ ಬೋರ್ಡು, ನಲ್ಲಿ, ಫ್ಲಶ್, ಗೀಸರ್, ಟೈಲ್ಸಿನ ಬಿರುಕು, ಗೋಡೆಯ ಹಳೆ ಮೊಳೆ, ಕೊನೆಗೆ ಕರೆಂಟ್ ಮೀಟರಿನ ಅಂಕಿ. ಅದರ ಮುಖ್ಯ ಫೋಟೋಗಳನ್ನು ಅಂದೇ ಮಾಲೀಕರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿ, ‘ಸರ್, ಬರುವಾಗ ರೂಮ್ ಹೀಗಿತ್ತು, ಗೀಸರ್ ಕೆಲಸ ಮಾಡ್ತಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಹೀಗೆ ತಾರೀಕು ಬಿದ್ದ ಸಂದೇಶ, ವರ್ಷಗಳ ನಂತರ ಮಾಲೀಕರ ನೆನಪಿಗೂ ಬಾಡಿಗೆದಾರರ ನೆನಪಿಗೂ ತಾಳೆಯಾಗದಾಗ ಸಾಕ್ಷಿಯಾಗುತ್ತದೆ.

ಕರೆಂಟಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಪ್ರತ್ಯೇಕ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆಯೇ ಎಂದು. ಇದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆ; ಮಿತಿ ತಿಂಗಳಿಗೆ 200 ಯೂನಿಟ್. ಇಡೀ ಕಟ್ಟಡಕ್ಕೆ ಒಂದೇ ಮೀಟರ್, ಕೋಣೆಗೊಂದು ಸಬ್‌ಮೀಟರ್ ಎಂದಿದ್ದರೆ ಯೂನಿಟ್ಟಿಗೆ ಎಷ್ಟೆಂದು ಮಾಲೀಕರು ಹೇಳಿದ್ದೇ ದರ. ಅಡುಗೆಗೆ, ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕೆಜಿ ಸಿಲಿಂಡರ್ ಇಬ್ಬರಿಗೆ ಸಾಕು. ಬೀದಿಬದಿಯಲ್ಲಿ ಕದ್ದು ತುಂಬಿಸಿಕೊಡುವ ಪುಟ್ಟ ಸಿಲಿಂಡರ್ ಮಾತ್ರ ಅಪಾಯ. ಇಂಡಕ್ಷನ್ ಒಲೆ ತರುವವರು ರೂಮಿನ ವೈರಿಂಗ್ ಅದನ್ನು ತಾಳುತ್ತದೆಯೇ ಎಂದು ವಿಚಾರಿಸಬೇಕು.

ಖಾಲಿ ಮಾಡುವ ಲೆಕ್ಕ ಪರೀಕ್ಷಾ ವೇಳಾಪಟ್ಟಿಯೊಂದಿಗೆ ಶುರುವಾಗುತ್ತದೆ. ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಎಂದಿದ್ದರೆ ಅದನ್ನು ಬರಹದಲ್ಲೇ ಕೊಡಬೇಕು. ಮೆಟ್ಟಿಲ ಮೇಲೆ ಸಿಕ್ಕಾಗ ‘ಆಂಟಿ, ಮುಂದಿನ ತಿಂಗಳು ಬಿಡ್ತೀವಿ’ ಎಂದದ್ದು ಯಾರಿಗೂ ನೆನಪಿರುವುದಿಲ್ಲ. ಪರೀಕ್ಷೆ ಮುಂದೆ ಹೋಗುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಾಮೂಲಿ, ಅದಕ್ಕೊಂದು ವಾರದ ಸಡಿಲಿಕೆ ಕೇಳಿಟ್ಟುಕೊಳ್ಳಬೇಕು. ಕೊನೆಯ ತಿಂಗಳ ಬಾಡಿಗೆ ಕೊಡದೆ ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎನ್ನುವುದು ಮಾಲೀಕರ ಒಪ್ಪಿಗೆಯಿದ್ದರೆ ಸರಿ, ಇಲ್ಲದಿದ್ದರೆ ಕರಾರು ಮುರಿದವರು ಬಾಡಿಗೆದಾರರೇ ಆಗುತ್ತಾರೆ. ಒಬ್ಬ ರೂಮ್‌ಮೇಟ್ ಮಾತ್ರ ಹೋಗುವಾಗ, ಬದಲಿಗೆ ಬಂದವನು ಅವನ ಪಾಲಿನ ಅಡ್ವಾನ್ಸನ್ನು ನೇರವಾಗಿ ಅವನಿಗೆ ಕೊಡುವುದು ರೂಢಿ. ಮಾಲೀಕರಿಗೆ ತಿಳಿಸಿ ಒಪ್ಪಿಗೆ ಪಡೆಯದಿದ್ದರೆ ಹೊಸಬನ ಹಣಕ್ಕೆ ದಿಕ್ಕಿಲ್ಲ.

ಸಾಮಾನಿನ ಸಾಗಾಟ ದೊಡ್ಡ ತಲೆನೋವೇನಲ್ಲ. ಮಂಚ, ಟೇಬಲ್ಲು, ಬಕೆಟ್ಟುಗಳು ಜೂನಿಯರ್‌ಗಳಿಗೆ ಮಾರಾಟವಾಗುತ್ತವೆ, ಪುಸ್ತಕಗಳನ್ನು ಸಾರಿಗೆ ಬಸ್ಸಿನ ಪಾರ್ಸೆಲ್‌ಗೆ ಹಾಕಬಹುದು. ಬೈಕನ್ನು ರೈಲಿನಲ್ಲಿ ಕಳಿಸುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಆರ್‌ಸಿ ಪ್ರತಿ ಒಯ್ಯಬೇಕು. ರೂಮ್ ಬರಿದಾದ ಮೇಲೆ ಮೊದಲ ದಿನದ ಕ್ರಮದಲ್ಲೇ ಇನ್ನೊಂದು ವಿಡಿಯೊ ತೆಗೆದು, ಮೀಟರ್ ಓದಿ, ಮಾಲೀಕರ ಎದುರಿಗೇ ಲೆಕ್ಕ ಬರೆದು ಕೀಲಿ ಕೊಡಬೇಕು. ಗೃಹಜ್ಯೋತಿಗೆ ಆಧಾರ್ ಜೋಡಿಸಿದ್ದವರು ಹಳೆಯ ಆರ್‌ಆರ್ ನಂಬರಿನಿಂದ ಅದನ್ನು ಬಿಡಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಮುಂದಿನ ಮನೆಯಲ್ಲಿ ನೋಂದಣಿ ತಡೆಯಾಗುತ್ತದೆ. ಬ್ಯಾಂಕಿನಲ್ಲಿ, ವಿದ್ಯಾರ್ಥಿವೇತನದ ದಾಖಲೆಯಲ್ಲಿ ರೂಮಿನ ವಿಳಾಸ ಕೊಟ್ಟಿದ್ದರೆ ಅದನ್ನೂ ಬದಲಿಸಬೇಕು.

ಅಡ್ವಾನ್ಸ್ ಬರದಿದ್ದರೆ? ಮೊದಲು ವಿನಯದ, ಆದರೆ ತಾರೀಕು ನಮೂದಿಸಿದ ಬರಹ. ಆಮೇಲೆ ವಕೀಲರ ನೋಟಿಸ್. ಎಷ್ಟೋ ಪ್ರಕರಣಗಳು ನೋಟಿಸಿಗೇ ಬಗೆಹರಿಯುತ್ತವೆ. ಪಿಜಿಯಾದರೆ, ಊಟ-ವಸತಿ ಸೇವೆ ಕೊಟ್ಟವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬರೀ ಮನೆ ಬಾಡಿಗೆಯಾದರೆ ಸಿವಿಲ್ ನ್ಯಾಯಾಲಯವೇ ಗತಿ. ಮೂವತ್ತು ಸಾವಿರಕ್ಕಾಗಿ ಕೋರ್ಟು ಹತ್ತುವುದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವುದು ಜಾಣತನ. ಅದು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುತ್ತದೆ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ಕರಾರಿನ ಪ್ರತಿ, ಹಣ ಕಳಿಸಿದ ದಾಖಲೆ, ಎರಡು ವಿಡಿಯೊ ಮತ್ತು ನೋಟಿಸ್ ಕೊಟ್ಟ ಸಂದೇಶ ಜೊತೆಗಿರಬೇಕು.