ಅಡುಗೆಮನೆಯ ಹೊಗೆಗೂ ಒಂದು ಲೆಕ್ಕವಿದೆ



ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದು 1923ರಲ್ಲಿ. ಹೊಗೆ ಎಂದರೆ ನಮ್ಮ ಸೀಮೆಯವರು ಕೈ ತೋರಿಸುತ್ತಿದ್ದುದು ಕಾರ್ಖಾನೆಯ ಕಡೆಗೇ. ಆದರೆ ಎತ್ತರದ ಚಿಮಣಿಯ ಹೊಗೆ ಮೇಲೆ ಹೋಗಿ ಚದರುತ್ತದೆ. ಅಡುಗೆಮನೆಯ ಹೊಗೆಯೋ, ಮೂಗಿನ ಮುಂದೆಯೇ ನಿಲ್ಲುತ್ತದೆ.

ಇದರಿಂದ ಕ್ಯಾನ್ಸರ್ ಬಂದೀತೇ ಎಂದು ನೀವು ಕೇಳಬಹುದು. ಸೌದೆ ಅರೆಬರೆ ಉರಿದಾಗ ಬೆಂಜೀನ್, ಬೆಂಜೋಪೈರೀನ್ ಮುಂತಾದ ವಿಷಗಳು ಹುಟ್ಟುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಕಣಗಳ ಜೊತೆಗೆ ಅವು ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಯೊಳಗೆ ಉರಿಸುವ ಕಲ್ಲಿದ್ದಲಿನ ಹೊಗೆ ಕ್ಯಾನ್ಸರ್ ತರುವುದು ಖಚಿತವೆಂದೂ, ಸೌದೆಯ ಹೊಗೆ ತರುವ ಸಂಭವವಿದೆಯೆಂದೂ ಹೇಳಿದೆ. ಹಾಗಂತ ಒಲೆ ಹಚ್ಚಿದವರಿಗೆಲ್ಲ ರೋಗ ಬರುತ್ತದೆ ಎಂದು ಹೆದರಬೇಡಿ.

ಅಪಾಯ ಅಳೆಯುವವರು ಮೂರು ಪ್ರಶ್ನೆ ಕೇಳುತ್ತಾರೆ. ವಿಷ ಎಂಥದು? ಗಾಳಿಯಲ್ಲಿ ಎಷ್ಟಿದೆ? ಎಷ್ಟು ಕಾಲ ಉಸಿರಾಡಿದ್ದೀರಿ? ಈ ಮೂರನ್ನೂ ಗುಣಿಸುತ್ತಾರೆ. ನಿಮ್ಮ ಮನೆಗೇ ಲೆಕ್ಕ ಹಾಕಿ ನೋಡಿ. ದಿನಕ್ಕೆ 4 ಗಂಟೆ ಒಲೆಯ ಮುಂದೆ ಕೂತರೆ ವರ್ಷಕ್ಕೆ 1,460 ಗಂಟೆ, 30 ವರ್ಷಕ್ಕೆ 43,800 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಪೂರಾ 5 ವರ್ಷ! ಗಂಡಸರು ಗದ್ದೆಯಲ್ಲಿರುವಾಗ ಈ ಲೆಕ್ಕ ಬೆಳೆಯುವುದು ಬೀಡಿಯನ್ನೇ ಮುಟ್ಟದ ಮನೆಯಾಕೆಯ ಎದೆಯಲ್ಲಿ, ಪಕ್ಕದಲ್ಲಿ ಮಲಗಿದ ಕೂಸಿನ ಎದೆಯಲ್ಲಿ.

ಶಿವಮೊಗ್ಗ ಪೇಟೆಯಲ್ಲಿ ಗ್ಯಾಸ್ ಒಲೆ ಇರುವ ಮನೆಗಳೂ ಪೂರ್ತಿ ಪಾರಾಗಿಲ್ಲ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುವುದು, ಒಳಗೆ ಕೂತು ಬೀಡಿ ಸೇದುವುದು, ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ ಕರಿಯುವುದು, ಇವೂ ಲೆಕ್ಕಕ್ಕೆ ಸೇರುತ್ತವೆ.

ಮೂರರಲ್ಲಿ ಒಂದು ಅರ್ಧವಾದರೂ ಒಟ್ಟು ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಹೀಗೆ ಮಾಡಿ:

1. ಗ್ಯಾಸ್ ಇದ್ದವರು ದಿನದ ಅಡುಗೆಯನ್ನು ಅದರಲ್ಲೇ ಮಾಡಿ. ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಮನೆಯ ಹೊರಗಿರಲಿ.

2. ಸೌದೆಯನ್ನು ಸೀಳಿ ಒಣಗಿಸಿ, ಮಳೆಗಾಲಕ್ಕೆ ಮುಂಚೆಯೇ ಕೂಡಿಡಿ. ಪ್ಲಾಸ್ಟಿಕ್ ಚೂರನ್ನು ಒಲೆಗೆ ಹಾಕಲೇಬೇಡಿ.

3. ಒಲೆಗೆ ಹೊಗೆಕೊಳವೆ ಇಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಇದೇ ಏರ್ಪಾಡಿದೆ. ಕೊಳವೆಯ ಬಾಯಿ ಸೂರಿಗಿಂತ ಮೇಲಿರಲಿ. ಮಸಿಯನ್ನು ಆಗಾಗ ತೆಗೆಯಿರಿ.

4. ಒಲೆ ಉರಿಯುವಾಗ ಬೆಳಕಿಂಡಿ, ಬಾಗಿಲು ತೆರೆದಿರಲಿ. ಕೂಸನ್ನು ದೂರ ಮಲಗಿಸಿ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಹೊಗೆಯ ಕೆಮ್ಮು ಎಂದು ಸುಮ್ಮನಿರಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಹೋಗಿ ತೋರಿಸಿ.

ಮನೆಯ ಯಜಮಾನರೇ, ಕೊಟ್ಟಿಗೆಯಲ್ಲಿ ದನಕ್ಕೆ ಗಾಳಿ ಬೇಕೆಂದು ಕಿಂಡಿ ಬಿಡಿಸುತ್ತೀರಿ. ಅಡುಗೆಮನೆಗೂ ಒಂದು ಬಿಡಿಸಬಾರದೇ?