ಹೆದ್ದಾರಿಯನ್ನು ಹಿಂಬಾಲಿಸಿದ ಟಗರು

ಸಿಡ್ನಿಯಿಂದ ನೈಋತ್ಯಾಭಿಮುಖವಾಗಿ ಹ್ಯೂಮ್ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರುಗಳಷ್ಟು ಸಾಗಿದ ಪ್ರಯಾಣಿಕನಿಗೆ, ಗೋಲ್ಬರ್ನ್ ಎಂಬ ಊರಿನ ಅಂಚಿನಲ್ಲಿ, ಪೆಟ್ರೋಲ್ ಬಂಕಿನ ಮಗ್ಗುಲಲ್ಲೇ, ಐವತ್ತು ಅಡಿ ಎತ್ತರದ ಕಾಂಕ್ರೀಟಿನ ಟಗರೊಂದು ಎದುರಾಗುತ್ತದೆ. ನಮ್ಮ ಬೆಳಗೊಳದ ಗೊಮ್ಮಟನಿಗಿಂತ ಏಳೆಂಟು ಅಡಿ ಮಾತ್ರ ಗಿಡ್ಡನಾದ ಈ ಮಹಾಕಾಯನ ಮುಂದೆ ಯಾರೂ ಪಾದರಕ್ಷೆ ಕಳಚುವುದಿಲ್ಲ, ಕೈಮುಗಿಯುವುದೂ ಇಲ್ಲ. ಕಾರು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಒಂದು ಫೋಟೊ ಹಿಡಿದು, ಉಣ್ಣೆಯ ಕಾಲುಚೀಲವನ್ನೋ ಟೋಪಿಯನ್ನೋ ಕೊಂಡು ಮುಂದೆ ಹೋಗುತ್ತಾರೆ. ಇದರ ನಾಮಧೇಯ ‘ಬಿಗ್ ಮೆರಿನೊ’. ಅಕ್ಕರೆಯ ಹೆಸರು ‘ರ‍್ಯಾಂಬೊ’.

1797ರಲ್ಲಿ ಗುಡ್‌ಹೋಪ್ ಭೂಶಿರದ ಕಡೆಯಿಂದ ಸ್ಪೇನಿನ ಮೆರಿನೊ ತಳಿಯ ಕುರಿಗಳು ಬಂದಿಳಿದ ತರುವಾಯ ಆಸ್ಟ್ರೇಲಿಯದ ಐಶ್ವರ್ಯವೆಲ್ಲ ಕುರಿಯ ಬೆನ್ನೇರಿ ಬಂದಿತೆಂಬುದು ಆ ದೇಶದ ಲೋಕೋಕ್ತಿ. ಆ ಐಶ್ವರ್ಯದಲ್ಲಿ ಬೆಳೆದ ಗೋಲ್ಬರ್ನ್, 1863ರಲ್ಲಿ ವಿಕ್ಟೋರಿಯಾ ರಾಣಿಯ ಸನ್ನದು ಪಡೆದು, ಒಳನಾಡಿನ ಪ್ರಥಮ ನಗರವೆನಿಸಿಕೊಂಡಿತು.

ಟಗರು ಎದ್ದು ನಿಂತದ್ದು 1985ರಲ್ಲಿ. ಅಟಿಲಾ ಮತ್ತು ಲೂಯಿ ಮೊಕಾನಿ ಎಂಬ ಸಹೋದರರು ಇದರ ನಿರ್ಮಾತೃಗಳು. ಬ್ಯಾಲಿನಾ ಪಟ್ಟಣದ ದೈತ್ಯ ಸಿಗಡಿಯೂ ಇವರದೇ ಕೈವಾಡ. ಆ ಸೀಮೆಯ ಕುರಿಸಾಕಣೆಯೊಂದರಲ್ಲಿ ರ‍್ಯಾಂಬೊ ಎಂಬ ಬೀಜದ ಟಗರಿದ್ದಿತು. ಅದನ್ನೇ ಮಾದರಿಯಾಗಿಟ್ಟುಕೊಂಡು, ಉಕ್ಕು ಕಾಂಕ್ರೀಟುಗಳಿಂದ, 18 ಮೀಟರು ಉದ್ದದ, 97 ಟನ್ನು ತೂಕದ ಈ ವಿಗ್ರಹವನ್ನು ಕಟ್ಟಿದರು. ಹೊಟ್ಟೆಯೊಳಗೆ ಅಂಗಡಿ, ಅದರ ಮೇಲೆ ಉಣ್ಣೆಯ ಇತಿಹಾಸದ ಪ್ರದರ್ಶನ, ತುದಿಯಲ್ಲಿ ಟಗರಿನ ಕಣ್ಣುಗಳಿಂದಲೇ ಊರನ್ನು ನೋಡುವ ಏರ್ಪಾಡು, ಹೀಗೆ ಮೂರು ಅಂತಸ್ತುಗಳು.

ಬೃಹತ್ತನ್ನು ಕಟ್ಟುವವರು ಸೂಕ್ಷ್ಮವನ್ನು ಕಡೆಗಣಿಸುವುದು ಲೋಕರೂಢಿ, ಇಲ್ಲಿ ಹಾಗಾಗಿಲ್ಲ. ಸುರುಳಿಗೊಂಡ ಕೊಂಬುಗಳ ಕೆಳಗೆ ಕೊರಳಿನ ಸುತ್ತ ಮಡಿಕೆಮಡಿಕೆಯಾಗಿ ಜೋಲುವ ಚರ್ಮ ಅಲಂಕಾರಕ್ಕೆಂದು ಮಾಡಿದ್ದಲ್ಲ. ಚರ್ಮ ಹೆಚ್ಚಿದಷ್ಟೂ ತುಪ್ಪಟ ಹೆಚ್ಚೀತೆಂದು ನಂಬಿ ಹಿಂದಿನ ಸಾಕಣೆಗಾರರು ಆರಿಸಿ ಆರಿಸಿ ಬೆಳೆಸಿದ ತಳಿಲಕ್ಷಣ ಅದು. ಬೀಜದ ಟಗರೆಂಬುದರಲ್ಲಿ ಸಂಶಯ ಉಳಿಯದಿರಲೆಂದು ಹಿಂಬದಿಯಲ್ಲಿ ಅದರ ಪುಂಸ್ತ್ವವನ್ನೂ ಯಥೋಚಿತ ಪ್ರಮಾಣದಲ್ಲಿ, ಯಾವ ಮುಚ್ಚುಮರೆಯೂ ಇಲ್ಲದೆ, ತೂಗಬಿಟ್ಟಿದ್ದಾರೆ. ಅತ್ಯಂತ ಸಭ್ಯರೆನಿಸಿದ ಯಾತ್ರಿಕರೂ ಅದರಡಿ ನಿಂತು ಚಿತ್ರ ತೆಗೆಸಿಕೊಳ್ಳದೆ ಹೋಗಲಾರರು.

ಆದರೆ ಕಾಲಗತಿ ಟಗರಿಗೆ ಅನುಕೂಲವಾಗಿರಲಿಲ್ಲ. 1991ರಲ್ಲಿ, ಉಣ್ಣೆಗೆ ಕನಿಷ್ಠ ಬೆಲೆಯನ್ನು ಕಟ್ಟಿಕೊಡುತ್ತಿದ್ದ ವ್ಯವಸ್ಥೆ ಕುಸಿದುಬಿತ್ತು. ಕೊಳ್ಳುವವರಿಲ್ಲದೆ ನಲವತ್ತು ಲಕ್ಷಕ್ಕೂ ಮೀರಿದ ಉಣ್ಣೆಯ ಮೂಟೆಗಳು ಉಗ್ರಾಣಗಳಲ್ಲಿ ಬಿದ್ದುಕೊಂಡವು. ಮರುವರ್ಷವೇ ಹ್ಯೂಮ್ ಹೆದ್ದಾರಿಗೆ ಬಳಸುದಾರಿಯಾಗಿ, ಊರೊಳಗೆ ಹಾಯುತ್ತಿದ್ದ ವಾಹನಪ್ರವಾಹವೆಲ್ಲ ಹೊರಗೇ ಹರಿದುಹೋಯಿತು. ಬೆನ್ನ ಮೇಲಿನ ತುಪ್ಪಟಕ್ಕೆ ಬೆಲೆ ಹೋದ ಹೊತ್ತಿನಲ್ಲೇ, ಕಣ್ಣ ಮುಂದಿನ ದಾರಿಯೂ ಹೋದಂತಾಯಿತು.

ಅನ್ಯತ್ರವಾಗಿದ್ದರೆ ವಿಗ್ರಹ ಪಾಚಿಗಟ್ಟಿ ಶಿಥಿಲವಾಗುತ್ತಿತ್ತೇನೋ. ಇಲ್ಲಿ, ಹದಿನೈದು ವರ್ಷಗಳ ತರುವಾಯ, 2007ರ ಮೇ 26ರಂದು, ಆ 97 ಟನ್ನುಗಳ ಟಗರನ್ನು ಇಡಿಯಾಗಿ ಎತ್ತಿ, ಗಾಲಿಗಳ ಮೇಲಿರಿಸಿ, ಸುಮಾರು 800 ಮೀಟರು ದೂರ ನಡೆಯಿಸಿ, ಹೊಸ ಹೆದ್ದಾರಿಯ ಕೂಡುದಾರಿಯ ಬಳಿ ನಿಲ್ಲಿಸಿದರು. ದೇವರಲ್ಲದ, ವೀರನಲ್ಲದ, ವ್ಯಾಪಾರಕ್ಕಾಗಿಯೇ ಹುಟ್ಟಿದ ವಿಗ್ರಹಕ್ಕೆ ಸ್ಥಳಮಹಾತ್ಮ್ಯದ ಹಂಗಿಲ್ಲ. ಗಿರಾಕಿಗಳಿರುವ ತಾಣವೇ ಅದರ ಕ್ಷೇತ್ರ. ಅದೇ ವರ್ಷ ಆಸ್ಟ್ರೇಲಿಯದ ಅಂಚೆ ಇಲಾಖೆ, ಕಾಫ್ಸ್ ಹಾರ್ಬರಿನ ದೈತ್ಯ ಬಾಳೆಹಣ್ಣು ಮೊದಲಾದವುಗಳೊಂದಿಗೆ, ಈ ಟಗರಿನ ಅಂಚೆಚೀಟಿಯನ್ನೂ ಹೊರತಂದು ಗೌರವಿಸಿತು.

1990ರಲ್ಲಿ ಆಸ್ಟ್ರೇಲಿಯದಲ್ಲಿದ್ದ ಕುರಿಗಳು ಸುಮಾರು 17 ಕೋಟಿ. ಇಪ್ಪತ್ತು ವರ್ಷಗಳಲ್ಲಿ ಅವು ಅರ್ಧಕ್ಕೂ ಕಡಿಮೆಯಾದವು. ಹಿಂಡು ಕರಗುತ್ತ ಹೋದಂತೆ ಹಿಂಡಿನ ಪ್ರತಿಮೆಯನ್ನು ನೋಡುವ ಕೌತುಕ ಹೆಚ್ಚುವುದು ಸಹಜವೇ ಇರಬಹುದು. ಟಗರಿಗೇನೋ ದಾರಿಯ ಬೆನ್ನು ಹತ್ತಿ ಹೋಗುವುದು ಸಾಧ್ಯವಾಯಿತು. ಹಳೆಯ ಹೆದ್ದಾರಿಯ ಎರಡು ಮಗ್ಗುಲಿಗೂ ತಲೆಮಾರುಗಳಿಂದ ಬೇರುಬಿಟ್ಟ ಅಂಗಡಿಮುಂಗಟ್ಟುಗಳನ್ನು ಹಾಗೆ ಗಾಲಿಗಳ ಮೇಲೇರಿಸಿ ಸಾಗಿಸುವ ವಿದ್ಯೆ ಮಾತ್ರ ಇನ್ನೂ ಯಾರಿಗೂ ಕೈವಶವಾಗಿಲ್ಲ.