ರೋಮಿನಿಂದ ಒಂದು ಹಗಲಿನ ದಾರಿ

ನಮ್ಮ ಕ್ರೈಸ್ತ ಕುಟುಂಬಗಳಿಗೆ ರೋಮ್ ಯಾತ್ರೆಯೆಂಬುದು ಬಹುಮಟ್ಟಿಗೆ ಜೀವಮಾನದಲ್ಲಿ ಒಮ್ಮೆ ಒದಗುವ ಭಾಗ್ಯ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಹೋಗುವವರುಂಟು. ಹೊರದೇಶದಲ್ಲಿ ದುಡಿಯುವ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡು ತೋರಿಸುವುದೂ ಉಂಟು. ಹೇಗೆ ಹೋದರೂ ಕೈಗೆ ಸಿಗುವುದು ಐದಾರು ದಿನ. ಅಷ್ಟರಲ್ಲೇ ನಾಲ್ಕು ಮಹಾದೇವಾಲಯಗಳು, ವ್ಯಾಟಿಕನ್ ವಸ್ತುಸಂಗ್ರಹಾಲಯ, ಭೂಗತ ಸಮಾಧಿಗಳು, ಕೊಲೊಸಿಯಮ್ ಎಂದು ಓಡಾಡಿ, ಮಂಡಿನೋವಿನ ಅಮ್ಮ ಮೂರನೆಯ ದಿನಕ್ಕೇ 'ನನ್ನನ್ನು ಕೋಣೆಯಲ್ಲಿ ಬಿಟ್ಟು ನೀವು ಹೋಗಿಬನ್ನಿ' ಎನ್ನುತ್ತಾರೆ. ಇಂಥ ಅವಸರದ ನಡುವೆ ಊರ ಹೊರಗೆ ಹೋಗುವ ಮಾತೆತ್ತಿದರೆ ಅದೊಂದು ದುಬಾರಿ ಹುಚ್ಚೆಂದು ತೋರುವುದು ಸಹಜವೇ. ಆದರೂ ಆರು ದಿನಗಳಲ್ಲಿ ಎರಡನ್ನು, ಕಡೆಯ ಪಕ್ಷ ಒಂದನ್ನು, ರೋಮಿನ ಹೊರಗೆ ಕಳೆಯುವುದು ಲೇಸೆಂದು ನಮ್ಮ ಅಭಿಪ್ರಾಯ. ರೋಮಿನಲ್ಲಿ ಎಲ್ಲವೂ ಅಮೃತಶಿಲೆ, ಎಲ್ಲವೂ ಬೃಹತ್ತು, ಎಲ್ಲೆಲ್ಲೂ ಸರತಿಯ ಸಾಲು. ಆ ಗದ್ದಲದಿಂದ ಒಂದೆರಡು ಗಂಟೆ ಆಚೆ ಸರಿದರೆ ಧರ್ಮಸಭೆಯ ಚರಿತ್ರೆಯು ಮನುಷ್ಯಮಾತ್ರರ ಅಳತೆಗೆ ಇಳಿದು ಕಾಣಿಸುತ್ತದೆ.

ದಿನವನ್ನು ಆರಿಸುವಲ್ಲಿ ಕೊಂಚ ಎಚ್ಚರ ಬೇಕು. ಬುಧವಾರ ಬೆಳಗ್ಗೆ ಜಗದ್ಗುರುಗಳ ಸಾರ್ವಜನಿಕ ದರ್ಶನ. ಭಾನುವಾರ ನಡುಹಗಲಿಗೆ ಸಂತ ಪೇತ್ರರ ಚೌಕದಲ್ಲಿ ತ್ರಿಕಾಲ ಪ್ರಾರ್ಥನೆ. ಈ ಎರಡು ದಿನಗಳನ್ನು ನಗರಕ್ಕೇ ಮೀಸಲಿಡುವುದು ಒಳ್ಳೆಯದು. ಸೋಮವಾರ ಪುರಾತನ ಸ್ಥಳಗಳೂ ವಸ್ತುಸಂಗ್ರಹಾಲಯಗಳೂ ಹಲವೆಡೆ ಮುಚ್ಚಿರುತ್ತವೆ.

ಎಲ್ಲಕ್ಕಿಂತ ಸಮೀಪವಾದುದು, ಖರ್ಚೂ ಕಡಿಮೆಯಾದುದು ಆಸ್ತಿಯಾ ಆಂತಿಕ. ಪಿರಮಿಡೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇರುವ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಕಡಲಿನತ್ತ ಹೋಗುವ ಸ್ಥಳೀಯ ರೈಲನ್ನು ಹಿಡಿದರೆ ಅರ್ಧ ಗಂಟೆಯ ಪ್ರಯಾಣ. ನಗರ ಸಾರಿಗೆಯ ಸಾಮಾನ್ಯ ಟಿಕೆಟ್ಟೇ ಸಾಕು. ಟೈಬರ್ ನದಿ ಸಮುದ್ರವನ್ನು ಸೇರುತ್ತಿದ್ದ ಜಾಗದಲ್ಲಿ ರೋಮನ್ನರು ಕಟ್ಟಿದ ಬಂದರು ಪಟ್ಟಣವಿದು. ನದಿಯು ಹೊತ್ತು ತಂದ ಹೂಳು ತುಂಬಿ ಕಡಲು ದೂರ ಸರಿಯಿತು, ಪಟ್ಟಣ ಪಾಳುಬಿತ್ತು. ಇಂದಿಗೂ ಅಲ್ಲಿ ಬೀದಿಗಳುಂಟು, ಬಹುಮಹಡಿ ವಸತಿಗೃಹಗಳ ಗೋಡೆಗಳುಂಟು, ಊಟ ಮಾರುತ್ತಿದ್ದ ಅಂಗಡಿಯ ಕಲ್ಲಿನ ಕಟ್ಟೆಯುಂಟು, ರೊಟ್ಟಿ ಮಾಡುವವರ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ. ವರ್ತಕರ ಚೌಕದ ನೆಲದಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಜೋಡಿಸಿ ರಚಿಸಿದ ಹಡಗುಗಳ ಚಿತ್ರಗಳನ್ನೂ, ಒಂದು ಆನೆಯನ್ನೂ ಮಕ್ಕಳಿಗೆ ತಪ್ಪದೆ ತೋರಿಸಬೇಕು.

ಆದರೆ ನಮ್ಮ ತಾಯಂದಿರು ಆಸ್ತಿಯಾಕ್ಕೆ ಹೋಗಬೇಕಾದುದು ಬೇರೊಂದು ಕಾರಣಕ್ಕೆ. ಕ್ರಿ.ಶ. 387ರಲ್ಲಿ ಸಂತ ಮೋನಿಕಾ ತಮ್ಮ ಮಗ ಅಗಸ್ಟೀನರೊಡನೆ ಆಫ್ರಿಕದ ಹಡಗಿಗಾಗಿ ಕಾಯುತ್ತಾ ತಂಗಿದ್ದುದು ಈ ಊರಿನಲ್ಲಿ. ದಾರಿ ತಪ್ಪಿದ ಮಗನಿಗಾಗಿ ವರ್ಷಾನುಗಟ್ಟಲೆ ಅತ್ತ ತಾಯಿ ಆಕೆ. ಆ ವರ್ಷದ ಪಾಸ್ಖ ಹಬ್ಬದಂದು ಮಗ ಸ್ನಾನದೀಕ್ಷೆ ಪಡೆದಾಗಿತ್ತು. ಉದ್ಯಾನದತ್ತ ತೆರೆದ ಕಿಟಕಿಯ ಬಳಿ ತಾಯಿ ಮಗ ಇಬ್ಬರೂ ಒರಗಿ ನಿಂತು ನಿತ್ಯಜೀವದ ವಿಷಯವಾಗಿ ಮಾತನಾಡಿದುದನ್ನು ಅಗಸ್ಟೀನರು ತಮ್ಮ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾರೆ. ಅದಾದ ಕೆಲವೇ ದಿನಗಳಲ್ಲಿ ಆಕೆಗೆ ಜ್ವರ ಬಂತು, ಒಂಬತ್ತನೆಯ ದಿನ ತೀರಿಕೊಂಡರು. ಆಗ ಆಕೆಗೆ 56 ವರ್ಷ, ಮಗನಿಗೆ 33. ಊರಿನಲ್ಲಿ ಗಂಡನ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಹಿಂದಿನಿಂದಲೂ ಆಸೆಪಟ್ಟಿದ್ದ ಆ ತಾಯಿ, ಕಡೆಗಾಲದಲ್ಲಿ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ದೇವರ ಪೀಠದ ಮುಂದೆ ನೆನೆಯಿರಿ ಎಂದರಂತೆ. ಮಕ್ಕಳು ದೂರದೇಶಗಳಲ್ಲಿ ಚೆದುರಿಹೋಗಿರುವ ನಮ್ಮ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಇಂದಿಗೂ ಹಾಗೆಯೇ ಉಳಿದಿದೆ.

ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಕೋಟೆಯ ಪಕ್ಕದ ಪುಟ್ಟ ಹಳ್ಳಿಯಲ್ಲಿ ಸಂತ ಔರಿಯಾರ ದೇವಾಲಯವಿದೆ. 1945ರಲ್ಲಿ ಅದರ ಬಳಿ ಆಟದ ಕಂಬ ನೆಡಲೆಂದು ಹುಡುಗರು ಗುಂಡಿ ತೋಡಿದಾಗ ಅಕ್ಷರವಿದ್ದ ಕಲ್ಲಿನ ತುಂಡೊಂದು ಸಿಕ್ಕಿತು. ವಿದ್ವಾಂಸರು ಓದಿ ನೋಡಿದರೆ, ಹಳೆಯ ಹಸ್ತಪ್ರತಿಗಳಲ್ಲಿ ಮಾತ್ರ ಉಳಿದಿದ್ದ ಮೋನಿಕಾರ ಸಮಾಧಿಲೇಖನದ ಭಾಗವೇ ಅದು! ಆ ತುಂಡನ್ನು ಅಲ್ಲಿಯೇ ಇರಿಸಿದ್ದಾರೆ. ಆಕೆಯ ಅವಶೇಷಗಳು 1430ರಲ್ಲಿ ರೋಮಿಗೆ ಬಂದವು. ನವೋನಾ ಚೌಕದ ಸಮೀಪದ ಸಂತ ಅಗಸ್ಟೀನರ ದೇವಾಲಯದಲ್ಲಿವೆ. ಬೆಳಗ್ಗೆ ಆಸ್ತಿಯಾ ನೋಡಿ, ಸಂಜೆ ಆ ದೇವಾಲಯಕ್ಕೆ ಹೋದರೆ ಒಂದು ದಿನದ ಯಾತ್ರೆ ಪೂರ್ಣವಾಗುತ್ತದೆ. ಅಲ್ಲಿಯೇ ಕ್ಯಾರವಾಜೊ ಬರೆದ ಚಿತ್ರವೊಂದಿದೆ: ಬಾಗಿಲಲ್ಲಿ ಮಗುವನ್ನೆತ್ತಿ ನಿಂತ ಮರಿಯಮ್ಮನ ಮುಂದೆ ಮೊಣಕಾಲೂರಿದ ಇಬ್ಬರು ಬಡ ಯಾತ್ರಿಕರು, ಮುಂದಿರುವವನ ಅಂಗಾಲು ತುಂಬ ಧೂಳು. ದಿನವೆಲ್ಲ ನಡೆದು ಬಂದವರಿಗೆ ಆ ಕಾಲುಗಳ ಗುರುತು ಬೇಗ ಹತ್ತುತ್ತದೆ.

ಎರಡನೆಯದು ಸುಬಿಯಾಕೊ. ರೋಮಿನ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್. ಪೊಂತೆ ಮಾಮ್ಮೊಲೊ ಮೆಟ್ರೊ ನಿಲ್ದಾಣದಿಂದ ಕೊತ್ರಾಲ್ ಸಂಸ್ಥೆಯ ಬಸ್ಸುಗಳು ಹೊರಡುತ್ತವೆ. ಸುಮಾರು ಕ್ರಿ.ಶ. 500ರಲ್ಲಿ, ರೋಮಿನ ವಿದ್ಯಾಭ್ಯಾಸವನ್ನೂ ಅಲ್ಲಿನ ಬದುಕನ್ನೂ ತೊರೆದು ಬಂದ ಬೆನೆಡಿಕ್ಟ್ ಎಂಬ ತರುಣ ಇಲ್ಲಿಯ ಬಂಡೆಯ ಗುಹೆಯಲ್ಲಿ ಮೂರು ವರ್ಷ ಒಬ್ಬಂಟಿಯಾಗಿದ್ದ. ರೊಮಾನುಸ್ ಎಂಬ ಮಠವಾಸಿ ತನ್ನ ಪಾಲಿನ ರೊಟ್ಟಿಯಲ್ಲಿ ಮಿಗಿಸಿ ಹಗ್ಗದಲ್ಲಿ ಇಳಿಬಿಡುತ್ತಿದ್ದನೆಂದು ಸಂತ ಗ್ರೆಗೊರಿಯವರು ಬರೆದಿರುವ ಚರಿತ್ರೆ ಹೇಳುತ್ತದೆ. ಆ ಗುಹೆಯ ಸುತ್ತ ಈಗ ಕಡಿದಾದ ಬಂಡೆಗೆ ಅಂಟಿಕೊಂಡಂತೆ ಮಠವೊಂದು ನಿಂತಿದೆ. ಒಳಗೊಂದು ಪ್ರಾರ್ಥನಾಲಯದ ಗೋಡೆಯಲ್ಲಿ ಅಸ್ಸಿಸಿಯ ಫ್ರಾನ್ಸಿಸರ ಚಿತ್ರವಿದೆ. ತಲೆಯ ಸುತ್ತ ಪ್ರಭಾವಳಿಯಿಲ್ಲ, ಕೈಗಳಲ್ಲಿ ಪಂಚಗಾಯಗಳಿಲ್ಲ, ಹೆಸರಿನ ಮುಂದೆ 'ಸಂತ' ಎಂದಿಲ್ಲ, 'ಸಹೋದರ' ಎಂದಷ್ಟೇ ಇದೆ. ಅವರು ಬದುಕಿದ್ದಾಗಲೇ ಅಥವಾ ತೀರಿಕೊಂಡ ಸ್ವಲ್ಪ ಕಾಲದಲ್ಲೇ ಬರೆದ ಚಿತ್ರವಿರಬೇಕೆಂಬ ಊಹೆಗೆ ಇದೇ ಆಧಾರ.

ಕೆಳಗಿನ ಸಂತ ಸ್ಕೊಲಾಸ್ಟಿಕಾ ಮಠವನ್ನು ಪ್ರವಾಸಿಗಳು ಅವಸರದಲ್ಲಿ ಬಿಟ್ಟುಬಿಡುವುದುಂಟು, ಅದು ನಷ್ಟವೇ. ಜರ್ಮನಿಯಿಂದ ಬಂದ ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬಿಬ್ಬರು ಇಟಲಿಯಲ್ಲೇ ಮೊದಲ ಮುದ್ರಣಾಲಯವನ್ನು ಹೂಡಿದುದು ಈ ಮಠದ ಆಶ್ರಯದಲ್ಲಿ. 1465ರಲ್ಲಿ ಲಾಕ್ಟಾಂಟಿಯಸ್‌ನ ಗ್ರಂಥವೂ, 1467ರಲ್ಲಿ ಸಂತ ಅಗಸ್ಟೀನರ 'ದೇವನಗರ'ವೂ ಇಲ್ಲಿ ಅಚ್ಚಾದವು. ಬಸ್ಸು ಇಳಿದ ಊರಿನಿಂದ ಮಠಗಳಿಗೆ ಎರಡು ಮೂರು ಕಿಲೋಮೀಟರ್ ಏರುದಾರಿಯಿದೆಯೆಂಬುದನ್ನು ಮಾತ್ರ ವಯಸ್ಸಾದವರು ಮರೆಯಬಾರದು. ಅವರಿಗೆ ಟ್ಯಾಕ್ಸಿಯೇ ಸರಿ.

ಒರ್ವಿಯೆತೊ ನಗರವನ್ನು ಪರಮಪ್ರಸಾದದ ಮೆರವಣಿಗೆಯನ್ನು ಬಲ್ಲವರಿಗೆಲ್ಲ ಪರಿಚಯಿಸಬೇಕು. 1263ರಲ್ಲಿ ಬೊಲ್ಸೇನದಲ್ಲಿ ಬಲಿಪೂಜೆಯ ವೇಳೆ ಅಪ್ಪದಿಂದ ರಕ್ತ ಒಸರಿತೆಂದು ನಂಬಲಾದ ವಸ್ತ್ರವನ್ನು ಇಲ್ಲಿಯ ಪ್ರಧಾನಾಲಯದಲ್ಲಿ ಇರಿಸಿದ್ದಾರೆ. ಮರುವರ್ಷ ನಾಲ್ಕನೆಯ ಉರ್ಬನ್ ಜಗದ್ಗುರುಗಳು ಕ್ರಿಸ್ತಪ್ರಸಾದದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಧಿಸಿದ್ದು ಈ ಊರಿನಿಂದಲೇ. ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ನಿಲ್ದಾಣದೆದುರಿನಿಂದ ಹಗ್ಗದ ರೈಲು ಗುಡ್ಡದ ಮೇಲಕ್ಕೆ ಒಯ್ಯುವುದರಿಂದ ಮಂಡಿನೋವಿನವರಿಗೆ ಇದಕ್ಕಿಂತ ಅನುಕೂಲವಾದ ಊರು ಬೇರಿಲ್ಲ. ಕಾಲುಗಟ್ಟಿಯಿರುವ ಹುಡುಗರು ಸಂತ ಪ್ಯಾಟ್ರಿಕ್ ಬಾವಿಯ 248 ಮೆಟ್ಟಿಲು ಇಳಿದು ಹತ್ತಲಿ. ಇಳಿಯುವ ಹೇಸರಗತ್ತೆ ಏರುವುದಕ್ಕೆ ಎದುರಾಗದಂತೆ ಎರಡು ಬೇರೆ ಬೇರೆ ಸುರುಳಿ ದಾರಿಗಳನ್ನು ಅಲ್ಲಿ ಮಾಡಿದ್ದಾರೆ.

ಇನ್ನು ಮಾಂತೆ ಕಸಿನೊ. ಇದು ದೂರ, ನೇಪಲ್ಸ್ ಕಡೆಗೆ ಸುಮಾರು 130 ಕಿಲೋಮೀಟರ್. ಸುಬಿಯಾಕೊವನ್ನು ಬಿಟ್ಟ ಬೆನೆಡಿಕ್ಟರು ಸುಮಾರು 529ರಲ್ಲಿ ಕಟ್ಟಿದ ಮಠ, ಅವರ ನಿಯಮಾವಳಿ ರೂಪುಗೊಂಡ ಜಾಗ, ಅವರೂ ಸೋದರಿ ಸ್ಕೊಲಾಸ್ಟಿಕಾ ಅವರೂ ಮಣ್ಣಾದ ನೆಲ. ಆದರೆ ಭಾರತೀಯನೊಬ್ಬ ಅಲ್ಲಿಗೆ ಬರಿಯ ಭಕ್ತನಾಗಿ ಹೋಗಿಬರುವುದು ಸಾಧ್ಯವಿಲ್ಲ. 1944ರ ಆರಂಭದಲ್ಲಿ ಜರ್ಮನ್ ಸೇನೆ ರೋಮಿನ ದಾರಿಯನ್ನು ಈ ಬೆಟ್ಟದಲ್ಲಿ ತಡೆಹಿಡಿದಿತ್ತು. ಬೆಟ್ಟವನ್ನು ಹತ್ತುವ ಹೊಣೆ ನಾಲ್ಕನೆಯ ಭಾರತೀಯ ಡಿವಿಷನ್ನಿನ ಪಾಲಿಗೆ ಬಂತು. ಅದರ ದಂಡನಾಯಕ ಮೇಜರ್ ಜನರಲ್ ಫ್ರಾನ್ಸಿಸ್ ಟೂಕರ್ ನೇಪಲ್ಸಿನಲ್ಲಿ ಸಿಕ್ಕ 1879ರ ಪುಸ್ತಕವೊಂದರಿಂದ ಮಠದ ಗೋಡೆಗಳ ದಪ್ಪವನ್ನು ತಿಳಿದು, ಅದನ್ನು ಮೊದಲು ನೆಲಸಮ ಮಾಡದೆ ತನ್ನ ಸೈನಿಕರನ್ನು ಕಳುಹಿಸುವುದು ಸಲ್ಲದೆಂದು ಪಟ್ಟುಹಿಡಿದ. ಫೆಬ್ರವರಿ 15ರಂದು ಅಮೆರಿಕದ ವಿಮಾನಗಳು ಮಠವನ್ನು ಪುಡಿಮಾಡಿದವು. ಒಳಗೆ ಆಶ್ರಯ ಪಡೆದಿದ್ದ ಊರಜನ ಸತ್ತರು. ಜರ್ಮನ್ ಸೈನಿಕರು ಅಲ್ಲಿ ಬೀಡುಬಿಟ್ಟದ್ದು ಮಠ ಕುಸಿದ ಮೇಲೆ, ಆ ಕಲ್ಲುರಾಶಿಯ ಮರೆಯಲ್ಲಿ. ಭಾರತೀಯ ಪಡೆಗಳು ಏರಿದವು, ಹಿಮ್ಮೆಟ್ಟಿದವು, ಮತ್ತೆ ಏರಿದವು. ಕಡೆಗೆ ಮೇ 18ರಂದು ಪೋಲಿಷ್ ಸೈನಿಕರು ಶಿಖರ ತಲಪಿದರು. ಪುರಾತನ ಗ್ರಂಥಭಂಡಾರವು ಬಾಂಬು ಬೀಳುವ ಮೊದಲೇ, 1943ರಲ್ಲಿಯೇ, ರೋಮಿಗೆ ಸಾಗಿದ್ದುದರಿಂದ ಉಳಿಯಿತು. ಮಠವನ್ನು ಹಿಂದಿನ ರೂಪದಲ್ಲೇ ಮತ್ತೆ ಕಟ್ಟಿ, 1964ರ ಅಕ್ಟೋಬರ್ 24ರಂದು ಆರನೆಯ ಪೌಲ್ ಜಗದ್ಗುರುಗಳು ಪ್ರತಿಷ್ಠಾಪಿಸಿದರು.

ಮಠವನ್ನು ನೋಡಿ ಇಳಿದವರು ಊರಿನಲ್ಲಿರುವ ಕಾಮನ್‌ವೆಲ್ತ್ ಸೈನಿಕರ ಸ್ಮಶಾನಕ್ಕೂ ಹೋಗಬೇಕು. 4,200ಕ್ಕೂ ಹೆಚ್ಚು ಗೋರಿಗಳು. ಗೋರಿಯೇ ಇಲ್ಲದ 4,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಹಸಿರು ಅಮೃತಶಿಲೆಯ ಹಲಗೆಗಳಲ್ಲಿ ಕೆತ್ತಿದ್ದಾರೆ. ಆ ಹೆಸರುಗಳಲ್ಲಿ ಒಂದು ನಾಯಕ್ ಯಶವಂತ ಘಾಡ್ಗೆಯದು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಈ ಸೈನಿಕ 1944ರ ಜುಲೈ 10ರಂದು ಟೈಬರ್ ಕಣಿವೆಯ ಮೇಲ್ಭಾಗದಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದವನು. ರೋಮ್ ನೋಡಲು ಹೋದ ನಮ್ಮವರು ಹುತಾತ್ಮರ ಸಮಾಧಿಗಳಿಗೆಲ್ಲ ಮೊಂಬತ್ತಿ ಹಚ್ಚಿ ಬರುತ್ತಾರೆ. ಈ ಹುಡುಗರ ಬಳಿಗೆ ಹೋಗುವವರು ಬಲು ವಿರಳ.

ಅಸ್ಸಿಸಿಯನ್ನು ಬಿಟ್ಟೆವೆಂದು ಓದುಗರು ಕೇಳಬಹುದು. ಒಂದೇ ದಿನದಲ್ಲಿ ಹೋಗಿಬರಲು ರೈಲಿನ ಸೌಕರ್ಯವೇನೋ ಇದೆ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕುಟಿಸ್‌ನ ಸಮಾಧಿಯೂ ಅಲ್ಲಿರುವುದರಿಂದ ಮಕ್ಕಳು ಹಟ ಹಿಡಿಯುವುದೂ ಸಹಜ. ಆದರೆ ಆ ಊರಿಗೆ ಒಂದು ರಾತ್ರಿಯನ್ನಾದರೂ ಕೊಡಬೇಕು. ಸಂಜೆ ಪ್ರವಾಸಿಗಳ ಬಸ್ಸುಗಳೆಲ್ಲ ಇಳಿದುಹೋದ ಮೇಲಿನ ಅಸ್ಸಿಸಿಯೇ ಬೇರೆ.

ಪ್ರಾದೇಶಿಕ ರೈಲುಗಳಿಗೆ ಮುಂಗಡ ಕಾದಿರಿಸುವ ಅಗತ್ಯವಿಲ್ಲ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ದಂಡ ತೆರಬೇಕಾಗುತ್ತದೆ. ಊರುಗಳಲ್ಲಿ ಅನೇಕ ದೇವಾಲಯಗಳನ್ನು ಮಧ್ಯಾಹ್ನ ಮುಚ್ಚುತ್ತಾರೆ, ಆದ್ದರಿಂದ ಬೆಳಗಿನ ರೈಲೇ ಮೇಲು. ಸುಬಿಯಾಕೊಗೆ ಹೋಗುವವರು ಬಸ್ಸಿನಿಂದ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ರೋಮಿಗೆ ಮರಳುವ ಕಡೆಯ ಬಸ್ಸಿನ ವೇಳೆಯನ್ನು ಬರೆದಿಟ್ಟುಕೊಳ್ಳುವುದು.